ವಿಷ ಸುಡುವ ಮೊದಲು ನೆರೆಯವರನ್ನು ಕೇಳಿ

2023ರ ಜುಲೈ 7ರಂದು ಅಮೆರಿಕದ ಕೆಂಟಕಿ ರಾಜ್ಯದ ಬ್ಲೂ ಗ್ರಾಸ್ ಸೇನಾ ಡಿಪೋದಲ್ಲಿ ಸರಿನ್ ಎಂಬ ನರವಿಷ ತುಂಬಿದ ಕೊನೆಯ ರಾಕೆಟ್ ನಾಶವಾಯಿತು. ಒಂದು ಕಾಲಕ್ಕೆ ಮೂವತ್ತು ಸಾವಿರ ಟನ್ ಮೀರಿದ್ದ ಆ ದೇಶದ ರಾಸಾಯನಿಕ ಅಸ್ತ್ರಗಳ ದಾಸ್ತಾನು ಅಲ್ಲಿಗೆ ಮುಗಿಯಿತು. ಅಂತರರಾಷ್ಟ್ರೀಯ ಒಪ್ಪಂದದಂತೆ ಇದು 2007ಕ್ಕೆ, ಗಡುವು ವಿಸ್ತರಿಸಿದ ಮೇಲೆ 2012ಕ್ಕೆ ಆಗಬೇಕಿದ್ದ ಕೆಲಸ. ಯಾಕೆ ತಡವಾಯಿತು ಎಂದರೆ, ಡಿಪೋ ಸುತ್ತಲಿನ ಜನ ಅಡ್ಡಗಾಲು ಹಾಕಿದರು ಎಂಬ ಉತ್ತರ ಸಿದ್ಧವಾಗಿದೆ. ಈ ಆರೋಪವನ್ನು ನಾನು ಒಪ್ಪುವುದಿಲ್ಲ. ಆ ಜನರ ತಕರಾರಿನಿಂದಲೇ ಕೆಲಸ ಹೆಚ್ಚು ಸುರಕ್ಷಿತವಾಯಿತು.

1984ರಲ್ಲಿ ಸೇನೆ ಮುಂದಿಟ್ಟದ್ದು ಡಿಪೋದಲ್ಲೇ ಕುಲುಮೆ ಕಟ್ಟಿ ಎಲ್ಲವನ್ನೂ ಸುಡುವ ಯೋಜನೆ. ವಿಯೆಟ್ನಾಂ ಯುದ್ಧದಲ್ಲಿದ್ದು ಬಂದು ಬಡಗಿ ಕೆಲಸ ಮಾಡುತ್ತಿದ್ದ ಕ್ರೇಗ್ ವಿಲಿಯಮ್ಸ್ ಮತ್ತು ಜೊತೆಗಾರರು ಸುಡದೆಯೇ ನಾಶಮಾಡುವ ದಾರಿ ಕೇಳಿದರು. ಚಿಮಣಿಯಿಂದ ಹೊರಟ ಹೊಗೆಯನ್ನು ಯಾರೂ ವಾಪಸ್ ತರಲಾರರು. ಬಿಸಿನೀರು, ಕಾಸ್ಟಿಕ್ ಸೋಡಾ ಸೇರಿಸಿ ನರವಿಷವನ್ನು ಒಡೆದರೆ ಉಳಿಯುವ ದ್ರವವನ್ನು ಮಾತ್ರ ಟ್ಯಾಂಕಿನಲ್ಲೇ ತಡೆದಿಟ್ಟು ಪರೀಕ್ಷಿಸಬಹುದು, ವಿಷ ಉಳಿದಿದ್ದರೆ ಮತ್ತೆ ಸಂಸ್ಕರಿಸಬಹುದು. ಎಂ55 ರಾಕೆಟ್ಟನ್ನೇ ನೋಡಿ: ಎರಡು ಮೀಟರ್ ಉದ್ದ, ಒಳಗೆ ಐದು ಕಿಲೋದಷ್ಟು ನರವಿಷ, ಅದರ ಪಕ್ಕದಲ್ಲೇ ಸಿಡಿಮದ್ದು ಮತ್ತು ಹಳೆಯ ನೋದಕ ಇಂಧನ. ಇಂಥದ್ದನ್ನು ಯಂತ್ರಗಳಿಂದ ಚುಚ್ಚಿ, ವಿಷ ಬಸಿದು, ಕತ್ತರಿಸುವಾಗ ತಪ್ಪು ಸರಿಪಡಿಸಲು ಒಂದು ಅವಕಾಶ ಬೇಕೇ ಬೇಕು. 1996ರಲ್ಲಿ ಸಂಸತ್ತು ಪರ್ಯಾಯಗಳನ್ನು ಪರೀಕ್ಷಿಸಲು ಆದೇಶಿಸಿತು. ಸ್ಥಳೀಯರಿಗೂ ಆ ಚರ್ಚೆಯಲ್ಲಿ ಜಾಗ ಸಿಕ್ಕಿತು.

ಇದರಿಂದ ವರ್ಷಗಟ್ಟಲೆ ವ್ಯರ್ಥವಾಯಿತು ಎನ್ನುವವರು ಉಳಿದ ತಾಣಗಳ ಲೆಕ್ಕವನ್ನೂ ನೋಡಬೇಕು. ಸುಡುವ ಯೋಜನೆಯ ಮೊದಲ ಗಡುವು 1994, ಅಂದಾಜು ವೆಚ್ಚ 170 ಕೋಟಿ ಡಾಲರ್. ಆದರೆ ಯೂಟಾದ ಟುವೆಲೆಯಲ್ಲಿ ಕುಲುಮೆ ಉರಿಯತೊಡಗಿದ್ದೇ 1996ರಲ್ಲಿ, ಆರಿದ್ದು 2012ರಲ್ಲಿ. ಅಲಬಾಮಾದ ಆನಿಸ್ಟನ್‌ನಲ್ಲಿ 2003ರಲ್ಲಿ ಸುಡುವ ಮುನ್ನ ಅಕ್ಕಪಕ್ಕದ ಮನೆಗಳಿಗೆ ಮುಖಗವಸು, ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ ಹಂಚಬೇಕಾಯಿತು. ಅಮೆರಿಕದ ಮುಖ್ಯಭೂಮಿಯಲ್ಲಿ ಎಲ್ಲಕ್ಕಿಂತ ಮೊದಲು, 2005ರಲ್ಲಿ, ಕೆಲಸ ಮುಗಿಸಿದ್ದು ಮೇರಿಲ್ಯಾಂಡಿನ ಅಬರ್ಡೀನ್. ಅಲ್ಲಿ ಮಸ್ಟರ್ಡ್ ವಿಷವನ್ನು ಸುಡಲಿಲ್ಲ, ನೀರಿನಲ್ಲಿ ಒಡೆದರು. ಹೀಗಿರುವಾಗ ತಡವನ್ನು ಆ ವಿಧಾನದ ತಲೆಗೆ ಕಟ್ಟುವುದು ಅನ್ಯಾಯ.

ಕಾಯುವುದೂ ಅಪಾಯವಲ್ಲವೇ ಎಂಬುದು ಗಟ್ಟಿಯಾದ ಆಕ್ಷೇಪ. ಹೌದು, ಹಳೆಯ ರಾಕೆಟ್‌ಗಳು ಸೋರುತ್ತವೆ. 2007ರಲ್ಲಿ ಬ್ಲೂ ಗ್ರಾಸ್‌ನಲ್ಲೇ ಸರಿನ್ ಸೋರಿತು. ಕುಲುಮೆಗಳು ದಾಸ್ತಾನಿನ ಬಹುಪಾಲನ್ನು ನಾಶಮಾಡಿದವು, ನೆರೆಯ ಊರುಗಳಲ್ಲಿ ಸಾವು ತರಲಿಲ್ಲ ಎಂಬುದೂ ನಿಜ. ಆದರೆ 2000ದ ಮೇ ತಿಂಗಳಲ್ಲಿ ಟುವೆಲೆಯ ಚಿಮಣಿಯಿಂದ ಅಲ್ಪ ಪ್ರಮಾಣದ ಸರಿನ್ ಹೊರಬಿದ್ದದ್ದೂ ಅಷ್ಟೇ ನಿಜ. ಸೋರಿಕೆಯ ಭಯವಿದ್ದರೆ ಹಣ ಬೇಗ ಬಿಡುಗಡೆ ಮಾಡಬೇಕಿತ್ತು. ಸುಡದೆ ನಾಶಮಾಡುವ ಕೆಂಟಕಿ, ಕೊಲೊರಾಡೊ ಸ್ಥಾವರಗಳ ವಿನ್ಯಾಸಕ್ಕೆ ಹಣ ತಡೆಹಿಡಿದದ್ದು ಪೆಂಟಗನ್, ಊರಿನವರಲ್ಲ.

ನನ್ನ ವಾದಕ್ಕೆ ನಿಜವಾಗಿ ಕಷ್ಟ ಕೊಡುವುದು ಟೆಕ್ಸಸ್‌ನ ಪೋರ್ಟ್ ಆರ್ಥರ್. ಇಂಡಿಯಾನಾದ ನ್ಯೂಪೋರ್ಟ್‌ನಲ್ಲಿ ವಿಎಕ್ಸ್ ನರವಿಷವನ್ನು ಸುಡದೆ ಒಡೆದರು, ಸರಿ. ಉಳಿದ ಕ್ಷಾರ ದ್ರವ ಎಲ್ಲಿಗೆ ಹೋಗಬೇಕು? ಓಹಾಯೋದ ಡೇಟನ್‌ನಲ್ಲಿ ಜನ ಪ್ರತಿಭಟಿಸಿದರು, ನ್ಯೂಜೆರ್ಸಿಯಲ್ಲೂ ವಿರೋಧ ಎದ್ದಿತು. ಎರಡೂ ಕಡೆ ಯೋಜನೆ ಬಿದ್ದುಹೋಯಿತು. 2007ರಲ್ಲಿ ಲಾರಿಗಳು ಪೋರ್ಟ್ ಆರ್ಥರ್‌ನ ಕುಲುಮೆಯತ್ತ ಹೊರಟವು. ತೈಲ ಸಂಸ್ಕರಣಾಗಾರಗಳ ಹೊಗೆಯಲ್ಲೇ ಬದುಕುವ, ಕಪ್ಪು ಜನರೂ ಬಡವರೂ ಹೆಚ್ಚಿನ ಸಂಖ್ಯೆಯಲ್ಲಿರುವ ಊರು ಅದು. ಕೋರ್ಟಿಗೆ ಹೋದರೂ ಲಾರಿಗಳನ್ನು ಕೊನೆಗೂ ತಡೆಯಲಾಗಲಿಲ್ಲ. ಇದನ್ನು ತೋರಿಸಿ, ವಿರೋಧಿಸಿದವರು ತಮ್ಮ ಹೊರೆಯನ್ನು ಇನ್ನೊಬ್ಬರ ಮೇಲೆ ಹಾಕಿದರು ಎನ್ನುವವರಿದ್ದಾರೆ. ಹೊರೆ ಹೋದ ದಾರಿಯನ್ನು ಗಮನಿಸಿ: ದನಿಯಿದ್ದ ಊರುಗಳನ್ನು ಬಿಟ್ಟು ದನಿ ಕೇಳಿಸದ ಊರಿಗೆ ಹೋಯಿತು. ಕೆಂಟಕಿಯವರಿಗೆ ಸಿಕ್ಕ ಜಾಗ ಪೋರ್ಟ್ ಆರ್ಥರ್‌ಗೂ ಸಿಗಬೇಕಿತ್ತು. ಈ ಪಾಠ ಬೇರೆಡೆಗೂ ಬೇಕು: ಜಪಾನಿ ಸೇನೆ ಚೀನಾದಲ್ಲಿ ಬಿಟ್ಟುಹೋದ ರಾಸಾಯನಿಕ ಶೆಲ್‌ಗಳ ನಾಶ ಇನ್ನೂ ನಡೆಯುತ್ತಿದೆ. ಇಂಥ ಯಾವುದೇ ಸ್ಥಾವರಕ್ಕೆ ಅನುಮತಿ ಕೊಡುವ ಮೊದಲು ಅದರ ಕೊನೆಯ ಹನಿ ಯಾವ ಊರಿಗೆ ಸೇರುತ್ತದೆ ಎಂದು ಬರೆದುಕೊಡಬೇಕು, ಆ ಊರಿನ ಸಾರ್ವಜನಿಕ ವಿಚಾರಣೆ ಮುಗಿಯುವವರೆಗೆ ಒಂದು ಟ್ಯಾಂಕರನ್ನೂ ಹೊರಡಿಸಬಾರದು.