ಅಜ್ಜಿ ಯಾಕೆ ಸುಮ್ಮನಿದ್ದಾರೆ?

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಭಾಷೆಯ ಮಾತು ಬಂದರೆ ನಮ್ಮದು ಶಾಲೆ, ಪಿಎಸ್‌ಸಿ, ಬೋರ್ಡು ಇಷ್ಟರಲ್ಲೇ ಮುಗಿಯುತ್ತದೆ. ಹಾಸಿಗೆ ಹಿಡಿದ ಅಜ್ಜ ಅಜ್ಜಿಯರ ಸುದ್ದಿ ಯಾರೂ ಎತ್ತುವುದಿಲ್ಲ. ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್ ನೀತಿ ತಂದ ಮೇಲೆ ಪಂಚಾಯತಿನ ನರ್ಸ್ ಮನೆಗೇ ಬರ್ತಾರೆ. ಇದು ದೊಡ್ಡ ವಿಷಯ, ಒಪ್ಪಲೇಬೇಕು. ಹುಣ್ಣು ತೊಳೆಯುವುದಕ್ಕೆ, ಟ್ಯೂಬ್ ಬದಲಿಸುವುದಕ್ಕೆ ಭಾಷೆ ಅಷ್ಟೇನೂ ಅಡ್ಡ ಬರುವುದಿಲ್ಲ. ಡೆಲಿರಿಯಂ ಗುರುತಿಸುವುದಕ್ಕೆ ಮಾತ್ರ ಭಾಷೆಯೇ ಬೇಕು.

ಡೆಲಿರಿಯಂ ಅಂದರೆ ಹಿರಿಯರು ‘ಸನ್ನಿ’ ಅಂತಿದ್ದರಲ್ಲ, ಹೆಚ್ಚುಕಡಿಮೆ ಅದು. ಅರಳುಮರಳು ವರ್ಷಗಟ್ಟಲೆ ನಿಧಾನಕ್ಕೆ ಬರುವಂಥದ್ದು. ಇದು ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬರುತ್ತದೆ. ಬೆಳಿಗ್ಗೆ ಸರಿ, ಸಂಜೆಗೆ ಬೇರೆಯೇ ಮನುಷ್ಯ. ಹಿಂದೆ ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆಯಾದದ್ದು, ಸೋಡಿಯಂ ಇಳಿದದ್ದು, ಹೊಸ ನಿದ್ರೆ ಮಾತ್ರೆ, ಇಂಥಾ ಏನೋ ಇರುತ್ತದೆ. ಅದನ್ನು ಸರಿಮಾಡಿದರೆ ಎಷ್ಟೋ ಸಲ ಮನಸ್ಸೂ ತಿಳಿಯಾಗುತ್ತದೆ. ಕೂಗಾಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಮಂಕಾಗಿ ಮಲಗಿಬಿಡುವ ಬಗೆಯೊಂದುಂಟು, ತಪ್ಪಿಹೋಗುವುದು ಅದೇ. ‘ಪಾಪ, ಇವತ್ತು ಉಪದ್ರ ಇಲ್ಲ, ನಿದ್ದೆ ಮಾಡ್ತಿದ್ದಾರೆ’ ಅಂತ ಮನೆಯವರಿಗೆ ಸಮಾಧಾನ.

ಹಲವು ದೇಶಗಳಲ್ಲಿ ಬಳಸುವ 4ಎಟಿ ಎಂಬ ಚಿಕ್ಕ ಪರೀಕ್ಷೆಯಲ್ಲಿ ವಯಸ್ಸು, ಹುಟ್ಟಿದ ತಾರೀಕು, ಈಗ ಇರುವ ಜಾಗ, ಇಸವಿ ಕೇಳ್ತಾರೆ. ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸ್ತಾರೆ. ಹುಟ್ಟಿದ ತಾರೀಕಿನ ಕಥೆ ಬ್ಯಾಂಕಿನ ಕೌಂಟರಿನಲ್ಲಿ ಕೂತ ನಮ್ಮಂಥವರನ್ನು ಕೇಳಿ ಮಾರಾಯ್ರೆ, ಪೆನ್ಶನ್ನಿಗೆ ಬರುವ ಹಳಬರಲ್ಲಿ ಎಷ್ಟೋ ಜನ ಆಧಾರ್ ಪ್ರಕಾರ ಜನವರಿ 1ಕ್ಕೇ ಹುಟ್ಟಿದವರು! ತಿಂಗಳು ಅಂದರೆ ಅಜ್ಜಿಗೆ ಆಟಿ, ಸೋಣ. ಇದನ್ನೆಲ್ಲ ಮಲಯಾಳದಲ್ಲಿ ಕೇಳಿ, ಉತ್ತರ ಬರಲಿಲ್ಲ ಅಂತ ಸರಿಯಿರುವ ಅಜ್ಜಿಗೆ ‘ಗೊಂದಲ’ ಅಂತ ಬರೆದರೂ ತಪ್ಪು. ‘ಭಾಷೆ ಬರುವುದಿಲ್ಲ, ಅದಕ್ಕೇ ಸುಮ್ಮನಿದ್ದಾರೆ’ ಅಂತ ಬಿಟ್ಟರೆ ಇನ್ನೂ ಅಪಾಯ. ವಾರಗಳನ್ನು ಕನ್ನಡದಲ್ಲೋ ತುಳುವಿನಲ್ಲೋ ಶನಿವಾರದಿಂದ ಹಿಂದಕ್ಕೆ ಹೇಳಿಸಿದರೆ ಗಮನ ನಿಲ್ಲುತ್ತದೋ ಜಾರುತ್ತದೋ ತಿಳಿಯುತ್ತದೆ.

ನರ್ಸನ್ನು ಬೈದು ಪ್ರಯೋಜನ ಇಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಮನೆಮನೆಗೆ ಹೋಗುವ ನರ್ಸಿಗೆ ಕನ್ನಡವೋ ತುಳುವೋ ಬರಬೇಕು ಅನ್ನುವುದು ನೇಮಕಾತಿಯಲ್ಲೇ ಇರಬೇಕು. ಮುಂದಿನ ಮನವಿಯಲ್ಲಿ ಶಾಲೆಯ ಕೆಳಗೆ ಇದನ್ನೂ ಒಂದು ಸಾಲು ಸೇರಿಸೋಣ.

ಅಲ್ಲಿಯ ತನಕ? ಪಾಲಿಯೇಟಿವ್ ತಂಡಕ್ಕೆ ಸ್ವಯಂಸೇವಕರು ಯಾವಾಗಲೂ ಬೇಕು. ಎರಡೂ ಭಾಷೆ ಬರುವ ನಮ್ಮ ಹುಡುಗ ಹುಡುಗಿಯರು ಜೊತೆಗೆ ಹೋಗಬಹುದು. ಹೋದವರು ಅಜ್ಜಿ ಅಡ್ಡಾದಿಡ್ಡಿ ಹೇಳಿದ್ದನ್ನು ಮರ್ಯಾದೆಗೆ ಅಂತ ಸರಿಮಾಡಿ ಅನುವಾದಿಸಬೇಡಿ. ತೀರಿಹೋದ ಅಣ್ಣ ತೋಟದಲ್ಲಿ ನಿಂತಿದ್ದಾನೆ ಅಂದರೆ ಹಾಗೆಯೇ ಹೇಳಿ. ಮನೆಯವರನ್ನು ‘ಮೊನ್ನೆಗಿಂತ ಇವತ್ತು ಬೇರೆ ಥರ ಇದ್ದಾರಾ? ಯಾವಾಗಿಂದ?’ ಅಂತ ಕೇಳಿ. ಹೊಸ ಮಾತ್ರೆ ಯಾವುದು, ಮೂತ್ರ ಹೋಗಿ ಎಷ್ಟು ಹೊತ್ತಾಯಿತು, ಅದನ್ನೂ ಕೇಳಿ. ಮಲಯಾಳದಲ್ಲಿ ಹೇಳಲು ನಾಚುವ ಅಜ್ಜಿಯಂದಿರು ಕನ್ನಡದಲ್ಲಾದರೆ ಹೇಳ್ತಾರೆ.