ಎರಡು ಬಿಂದುಗಳ ಆಚೆ ಈಚೆ

ವಿದ್ಯಾರ್ಥಿಯ ಚೀಲದಲ್ಲಿ ಇಸ್ಪೀಟಿನಂತಹ ಎಲೆಗಳ ಕಟ್ಟೊಂದು ಕಂಡರೆ ಅಧ್ಯಾಪಕರ ಕೈ ಅದನ್ನು ಕಸಿದುಕೊಳ್ಳಲು ಮುಂದಾಗುವುದು ಸಹಜವೇ. ಎಲೆಯಾಟವೆಂದೊಡನೆ ಜೂಜು, ಕಾಲಹರಣ, ಮನೆಹಾಳು ಎಂಬ ಮೂರು ಮಾತುಗಳು ಒಟ್ಟಿಗೆ ನೆನಪಾಗುವ ನಾಡು ಇದು. ಆದರೆ ನಾಗರಬಾವಿಯಂತಹ ಬಡಾವಣೆಯ ಮಕ್ಕಳ ಕೈಗೆ ಇಂದು ಬರಬಹುದಾದ ಎಲೆಗಳಲ್ಲಿ ರಾಜ, ರಾಣಿ, ಗುಲಾಮರಿಲ್ಲ. ಮಾಂತ್ರಿಕರು, ರಾಕ್ಷಸರು, ಘಟಸರ್ಪಗಳು ಉಂಟು. ಚಿತ್ರದ ಕೆಳಗೆ ಒಂದೆರಡು ಸಾಲಿನ ವಾಕ್ಯವೂ ಉಂಟು. ಕಸಿದುಕೊಳ್ಳುವ ಮುನ್ನ ಆ ವಾಕ್ಯವನ್ನು ಓದಿ ನೋಡುವುದು ವಿದ್ಯಾಲಯಕ್ಕೆ ಭೂಷಣ.

ಚಿತ್ರದ ಎಲೆಗಳು ಕನ್ನಡ ನಾಡಿಗೆ ಹೊಸವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ‘ಛದ’ವೆಂಬ ಎಲೆಯಾಟಗಳನ್ನು ವಿವರಿಸಿದ್ದಾರೆ. ದಶಾವತಾರ ಗಂಜೀಫದಲ್ಲಿ ಅವತಾರವೊಂದಕ್ಕೆ ಹನ್ನೆರಡರಂತೆ 120 ಎಲೆಗಳು; ರಾಜ, ಮಂತ್ರಿ, ಅನಂತರ ಸಂಖ್ಯೆಯ ಎಲೆಗಳು. ಅಲ್ಲಿ ಎಲೆಯ ಬಲವು ಅದರ ಅಂತಸ್ತಿನಿಂದ ನಿರ್ಣಯವಾಗುತ್ತದೆ. ಎಲೆ ತಾನಾಗಿ ಮಾತನಾಡುವುದಿಲ್ಲ. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್ ರಚಿಸಿ 1993ರಲ್ಲಿ ಪ್ರಕಟವಾದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟದಲ್ಲಿಯಾದರೋ ಎಲೆಯೇ ತನ್ನ ವಿಧಿಯನ್ನು ನುಡಿಯುತ್ತದೆ.

ಆ ನುಡಿಯಲ್ಲಿ ಮುಖ್ಯವಾದ ಒಂದು ಬಗೆಯನ್ನು ‘ಪ್ರಯೋಗಶಕ್ತಿ’ ಎಂದು ಕರೆಯಬಹುದು. ಆಟಗಾರನು ಬೇಕೆಂದಾಗ ಎಬ್ಬಿಸುವ ಶಕ್ತಿ ಅದು. ಅದರ ಗುರುತು ವಿಸರ್ಗದಂತೆ ತೋರುವ ಎರಡು ಬಿಂದುಗಳು. ಬಿಂದುಗಳ ಎಡಕ್ಕೆ ತೆರಬೇಕಾದ ಬೆಲೆ, ಬಲಕ್ಕೆ ದೊರೆಯುವ ಫಲ. ಮೊದಲ ವರ್ಷದ ಎಲೆಗಳಲ್ಲೇ ಇದ್ದ ‘ಪ್ರಾಡಿಗಲ್ ಸಾರ್ಸರರ್’ ಎಂಬ ಮಾಂತ್ರಿಕನನ್ನು ನೋಡಬಹುದು. ಎಲೆಯನ್ನು ಅಡ್ಡಕ್ಕೆ ತಿರುಗಿಸುವುದು ಬೆಲೆ. ಎದುರಾಳಿಗೆ ಒಂದು ಪೆಟ್ಟು ಫಲ. ಅಡ್ಡ ತಿರುಗಿದ ಎಲೆ ಮತ್ತೆ ನೆಟ್ಟಗಾಗುವವರೆಗೆ ಆ ಬೆಲೆಯನ್ನು ಎರಡನೆಯ ಬಾರಿ ತೆರಲಾಗದು. ಆಗತಾನೇ ಕಣಕ್ಕಿಳಿದ ಮಾಂತ್ರಿಕನು ತನ್ನ ಒಡೆಯನ ಮುಂದಿನ ಸರದಿಯವರೆಗೆ ಕಾಯಲೂಬೇಕು.

ಬೆಲೆ ತೆತ್ತೊಡನೆ ಫಲ ಕೈಗೆ ಬಾರದು. ಎದುರಾಳಿಗೆ ಉತ್ತರ ಕೊಡುವ ಅವಕಾಶವಿದೆ. ದಾಸೋಹದ ಮನೆಯಲ್ಲಿ ಪೇರಿಸಿದ ತಟ್ಟೆಗಳಲ್ಲಿ ಕೊನೆಗಿಟ್ಟದ್ದನ್ನು ಮೊದಲು ಎತ್ತುವಂತೆ, ಕೊನೆಗೆ ಬಂದ ಉತ್ತರವೇ ಮೊದಲು ಫಲಿಸುತ್ತದೆ. ಆ ಉತ್ತರದಿಂದ ಶಕ್ತಿ ವ್ಯರ್ಥವಾದರೆ ತೆತ್ತ ಬೆಲೆ ಹಿಂದಿರುಗದು. ಆದರೆ ಉತ್ತರವು ಮಾಂತ್ರಿಕನನ್ನೇ ಕೊಂದರೂ, ಅವನು ಅದಾಗಲೇ ಪ್ರಯೋಗಿಸಿದ ಪೆಟ್ಟು ನಿಲ್ಲದು. ಬಿಲ್ಲು ಮುರಿದರೂ ಬಿಟ್ಟ ಬಾಣ ಮರಳುವುದಿಲ್ಲವಷ್ಟೆ.

ಪಂಪ, ಕುಮಾರವ್ಯಾಸರ ನಾಡಿನ ಮಕ್ಕಳಿಗೆ ಈ ನ್ಯಾಯ ಅಪರಿಚಿತವಾಗಬಾರದು. ಕರ್ಣನು ತೆತ್ತ ಬೆಲೆ ಕವಚಕುಂಡಲ. ಪಡೆದ ಫಲ ಇಂದ್ರನ ಶಕ್ತ್ಯಾಯುಧ. ಅದು ಒಬ್ಬನನ್ನು ಕೊಂದು ಇಂದ್ರನಲ್ಲಿಗೆ ಮರಳತಕ್ಕದ್ದು ಎಂಬುದು ನಿಬಂಧನೆ. ಅರ್ಜುನನಿಗಾಗಿ ಕಾದಿರಿಸಿದ ಆಯುಧವನ್ನು ಇರುಳಿನ ಯುದ್ಧದಲ್ಲಿ ಘಟೋತ್ಕಚನ ಮೇಲೆ ವ್ಯಯಮಾಡುವಂತಹ ಇಕ್ಕಟ್ಟನ್ನು ಕೃಷ್ಣನು ತಂದೊಡ್ಡಿದನು. ಎದುರಾಳಿಯ ಎಲೆಯ ಮೇಲಿನ ವಾಕ್ಯವನ್ನು ಕೃಷ್ಣನಷ್ಟು ಚೆನ್ನಾಗಿ ಓದಿದ ಆಟಗಾರ ಮತ್ತೊಬ್ಬನಿಲ್ಲ.

ಓದುವಿಕೆಯೇ ಇಲ್ಲಿಯ ಮುಖ್ಯ ವಿಷಯ. ಎಲೆಯ ಮಾತು ಆಟದ ಸಾಮಾನ್ಯ ನಿಯಮಕ್ಕೆ ವಿರುದ್ಧವಾದರೆ ಎಲೆಯ ಮಾತೇ ಪ್ರಮಾಣವೆಂದು ಆ ಆಟದ ನಿಯಮಗ್ರಂಥ ಸಾರುತ್ತದೆ. ವ್ಯಾಕರಣಶಾಸ್ತ್ರದ ಉತ್ಸರ್ಗ, ಅಪವಾದಗಳೆಂದರೆ ಇದೇ ಅಲ್ಲವೆ? ಸಂಧಿಕಾರ್ಯವನ್ನು ವಿಧಿಸಿದ ಕೇಶಿರಾಜನೇ ಸಂಧಿಯಾಗದ ಎಡೆಗಳನ್ನೂ ‘ಶಬ್ದಮಣಿದರ್ಪಣ’ದಲ್ಲಿ ನಿರೂಪಿಸಿದನು. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಗೆ ಹೋಗುವ ತರುಣರು ಕಲಿಯಬೇಕಾದುದೂ ಇಂತಹ ಓದನ್ನೇ: ಯಾವ ಷರತ್ತು ಪೂರೈಸಿದರೆ ಯಾವ ಹಕ್ಕು, ಯಾವ ವಿಶೇಷ ವಿಧಿ ಯಾವ ಸಾಮಾನ್ಯ ವಿಧಿಯನ್ನು ಬಾಧಿಸುತ್ತದೆ ಎಂಬುದನ್ನು. ಸೂತ್ರವನ್ನು ಬಾಯಿಪಾಠ ಮಾಡಿ ಅರ್ಥವನ್ನು ಮರೆಯುವ ಹುಡುಗನೇ ಆಟದಲ್ಲಿ ಒಂದು ಪದಕ್ಕಾಗಿ ಅರ್ಧ ಗಂಟೆ ವಾದಿಸಬಲ್ಲನೆಂದರೆ, ದೋಷವನ್ನು ಹುಡುಗನಲ್ಲಿ ಮಾತ್ರ ಹುಡುಕುವುದು ನ್ಯಾಯವಲ್ಲ.

ಪೋಷಕರ ಅಂಜಿಕೆಯೂ ನಿರಾಧಾರವಲ್ಲ. ಈ ಎಲೆಗಳು ಬಹುವಾಗಿ ಮುಚ್ಚಿದ ಪೊಟ್ಟಣಗಳಲ್ಲಿ ಮಾರಾಟವಾಗುತ್ತವೆ. ಒಳಗೆ ಯಾವ ಎಲೆಯಿದೆಯೆಂದು ಒಡೆಯುವವರೆಗೆ ತಿಳಿಯದು. ಬೆಲೆಯನ್ನೂ ಫಲವನ್ನೂ ಅಕ್ಕಪಕ್ಕದಲ್ಲಿ ಬರೆದು ತೋರಿಸುವ ಆಟವು ಅಂಗಡಿಯಲ್ಲಿ ಬೆಲೆಯನ್ನು ಮಾತ್ರ ತಿಳಿಸಿ ಫಲವನ್ನು ಮುಚ್ಚಿಡುತ್ತದೆ. ಅಪರೂಪದ ಎಲೆಯ ಆಸೆಗೆ ಪೊಟ್ಟಣದ ಮೇಲೆ ಪೊಟ್ಟಣ ಕೊಳ್ಳುವ ಚಟವು ಜೂಜಿಗೆ ಹತ್ತಿರದ್ದೇ. ಹಣವಂತರ ಮಗನ ಕಟ್ಟು ಬಲವಾಗಿ, ಉಚಿತ ವಿದ್ಯಾರ್ಥಿನಿಲಯದ ಹುಡುಗನ ಕೈ ಬರಿದಾಗುವ ಆಟಕ್ಕೆ ಶಾಲೆಯ ಅಂಗಳದಲ್ಲಿ ಎಡೆಯಿರಕೂಡದು.

ಆದುದರಿಂದ ತ್ಯಾಜ್ಯವಾದುದು ಪೊಟ್ಟಣವೇ ಹೊರತು ವಾಕ್ಯವಲ್ಲ. ರಟ್ಟು, ಕತ್ತರಿ, ಬಣ್ಣಗಳಿಗೆ ಹೆಚ್ಚಿನ ಹಣ ಬೇಡ. ಮಕ್ಕಳೇ ಭಾರತದ ವೀರರನ್ನೂ ಅಸ್ತ್ರಗಳನ್ನೂ ಎಲೆಗಳಲ್ಲಿ ಬರೆದು, ಎಡಕ್ಕೆ ಬೆಲೆಯನ್ನೂ ಬಲಕ್ಕೆ ಫಲವನ್ನೂ ಸಂದಿಗ್ಧವಿಲ್ಲದ ಕನ್ನಡದಲ್ಲಿ ರಚಿಸಲಿ. ಸಹಪಾಠಿಯು ಆ ವಾಕ್ಯಕ್ಕೆ ಎರಡರ್ಥ ತೆಗೆದರೆ ರಚಿಸಿದವನು ತಿದ್ದಿ ಬರೆಯಲಿ. ಪ್ರಬಂಧದ ಕೊನೆಯಲ್ಲಿ ಕೆಂಪು ಶಾಯಿಯ ಗೀಟು ಕಲಿಸಲಾರದ ಭಾಷಾಶುದ್ಧಿಯನ್ನು ಸೋಲುಗೆಲುವುಗಳು ಕಲಿಸಿಯಾವು. ಇದಕ್ಕೆ ಅಧ್ಯಾಪಕರು ತೆರಬೇಕಾದ ಬೆಲೆ ವಾರಕ್ಕೊಂದು ಗಂಟೆ. ಫಲವು ಬಿಂದುಗಳ ಆಚೆ ಕಾದಿದೆ.