ಮೂಲೆಯ ತಂಬೂರಿ, ಕೈಯ ಮೊಬೈಲು

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ, "ಸಾರ್, ಮಗಳನ್ನು ಸಂಗೀತ ಪಾಠಕ್ಕೆ ಸೇರಿಸಿದ್ದೇನೆ. ಶ್ರುತಿಗೆ ಏನು ಕೊಳ್ಳಲಿ? ಎಲೆಕ್ಟ್ರಾನಿಕ್ ಪೆಟ್ಟಿಗೆಯೋ, ಮೊಬೈಲಿನ ತಂಬೂರಿ ಆ್ಯಪೋ, ಕೀಬೋರ್ಡೋ?" ಎಂದು ಕೇಳಿದ. ವಿಜ್ಞಾನದ ಮೇಷ್ಟರಿಗೆ ಸಂಗೀತದ ಪ್ರಶ್ನೆ! ನನ್ನ ಶ್ರೀಮತಿ ಹಾಡುತ್ತಾರೆಂಬುದಷ್ಟೇ ನನಗಿರುವ ಅರ್ಹತೆ. ಎರಡು ವಾರ ಮೂರನ್ನೂ ಮನೆಯಲ್ಲಿಟ್ಟು ಕೇಳಿದ ಬಳಿಕ ಇದನ್ನು ಬರೆಯುತ್ತಿದ್ದೇನೆ.

ಕೀಬೋರ್ಡನ್ನು ಮೊದಲೇ ಬದಿಗಿಡುತ್ತೇನೆ. ಷಡ್ಜದ ಆವೃತ್ತಿ ಸೆಕೆಂಡಿಗೆ 200 ಎಂದುಕೊಳ್ಳಿ. ಸಹಜವಾದ ಅಂತರ ಗಾಂಧಾರ ಅದರ ಒಂದೂಕಾಲು ಪಟ್ಟು, ಅಂದರೆ 250. ಕೀಬೋರ್ಡು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುವುದರಿಂದ ಅಲ್ಲಿ ಅದು ಸುಮಾರು 252. ಎರಡನ್ನೂ ಒಟ್ಟಿಗೆ ನುಡಿಸಿದರೆ ನಾದವು ಸೆಕೆಂಡಿಗೆ ಎರಡು ಸಲ ಏರಿಳಿಯುತ್ತದೆ. ಒಂದು ಶ್ರುತಿಕವೆಗೆ ಮೇಣ ಹಚ್ಚಿ ಇದನ್ನೇ ತರಗತಿಯಲ್ಲಿ ತೋರಿಸುತ್ತಿದ್ದೆ, ನೆನಪಿದೆಯೇ? (ಸ್ವರಗಳನ್ನು ತಿದ್ದಿಕೊಳ್ಳಬಹುದಾದ ಕೀಬೋರ್ಡುಗಳೂ ಇವೆ. ಎಳೆಯ ಮಗುವಿಗೆ ಆ ಗೋಜು ಬೇಡ.)

ಆ್ಯಪಿನ ಬಗೆಗೆ ನನಗೆ ತಾತ್ಸಾರವಿತ್ತು, ಅದು ಹೋಯಿತು. ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿಕೊಂಡು ನುಡಿಸುವ ಆ್ಯಪುಗಳು ಇಂಪಾಗಿವೆ. ಆದರೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಷಡ್ಜ ಕರಗಿಹೋಗುತ್ತದೆ, ಹೊರಗಿನ ಸ್ಪೀಕರು ಬೇಕೇ ಬೇಕು. ನಡುವೆ ಯಾರದೋ ಕರೆ ಬರುವ ಕಾಟ ಬೇರೆ. ಆ ಕಾಟವಿಲ್ಲದ್ದು ಪೆಟ್ಟಿಗೆ. ಬೆಂಗಳೂರಿನ ರೇಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಸ್ವತಃ ಕೊಳಲುವಾದಕರೂ ಎಂಜಿನಿಯರರೂ ಆಗಿ ಅಂಥವನ್ನು ರೂಪಿಸಿದರು. ಒಂಟಿಯಾಗಿ ಸಾಧನೆ ಮಾಡುವ ಎಷ್ಟು ಮಂದಿಗೆ ಅದರಿಂದ ಉಪಕಾರವಾಗಿದೆಯೋ!

ನಮ್ಮ ಮನೆಗೂ 1998ರಲ್ಲಿ ಅಂಥದೊಂದು ಪೆಟ್ಟಿಗೆ ತಂದೆ. ಶ್ರೀಮತಿಗೆ ಶ್ರಮ ಉಳಿಸಿದೆನೆಂದು ಹೆಮ್ಮೆ ನನಗೆ. ಮರದ ತಂಬೂರಿಗೆ ಗವುಸು ತೊಡಿಸಿ ಮೂಲೆಗಿಟ್ಟೆವು. ಕಳೆದ ವಾರ, ಹೋಲಿಸಿ ನೋಡೋಣವೆಂದು ಅದನ್ನು ಹೊರತೆಗೆದರೆ ತಂತಿಗಳಿಗೆ ತುಕ್ಕು. ಹೊಸ ತಂತಿ ಹಾಕಿಸಿ ತಂದು, ಶ್ರೀಮತಿ ಬಿರಡೆ ತಿರುಗಿಸುತ್ತ, ಕುದುರೆಯ ಮೇಲೆ ತಂತಿಯಡಿಯ ನೂಲೆಳೆಯನ್ನು ಕೂದಲಿನಷ್ಟು ಸರಿಸುತ್ತ ಕುಳಿತರು. ಆ ನೂಲೆಳೆಗೇ 'ಜೀವ' ಎನ್ನುವುದು. ಅದೂ ಅಗಲವಾದ ಕುದುರೆಯೂ ಸೇರಿ ಮಾಡುವ ಚಮತ್ಕಾರವನ್ನು ಸರ್ ಸಿ. ವಿ. ರಾಮನ್ 1921ರಲ್ಲೇ ಬರೆದಿದ್ದಾರೆ: ತಂತಿಯನ್ನು ಮೀಟಿದ ಸ್ಥಾನದ ಲೆಕ್ಕದಿಂದ ಇರಲೇಬಾರದ ಉಪಸ್ವರಗಳೂ ತಂಬೂರಿಯಲ್ಲಿ ಸ್ಪಷ್ಟವಾಗಿ ಕೇಳುತ್ತವೆ. ಐದನೆಯ ಉಪಸ್ವರವೇ ಗಾಂಧಾರ; ಯಾರೂ ಮೀಟದೆ ಹುಟ್ಟುವ ಗಾಂಧಾರ.

ಮೊಮ್ಮಗಳು ಒಂದು ಬಿರಡೆ ಹಿಡಿದು, "ಅಜ್ಜಿ, ಸೇರಿತಾ?" ಎಂದಳು. "ನನ್ನನ್ನು ಕೇಳಬೇಡ, ಅದನ್ನು ಕೇಳು" ಎಂದರು ಅಜ್ಜಿ. ಮುಕ್ಕಾಲು ಗಂಟೆ ಹಿಡಿಯಿತು. ಪೆಟ್ಟಿಗೆಯಲ್ಲೂ ಆ್ಯಪಿನಲ್ಲೂ ಈ ಮುಕ್ಕಾಲು ಗಂಟೆ ಇಲ್ಲ. ಇಪ್ಪತ್ತೈದು ವರ್ಷಗಳಿಂದ ಶ್ರಮವೆಂದು ನಾನು ಉಳಿಸಿದ್ದು, ಶ್ರೀಮತಿಯ ಪ್ರಕಾರ, ಅವರ ಅರ್ಧ ಸಾಧನೆಯನ್ನೇ. ಅಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಹಾಗಾಗಿ ಶಿಷ್ಯನಿಗೆ ಹೇಳಿದೆ: ಸದ್ಯ ಒಳ್ಳೆಯ ಆ್ಯಪು, ಅದಕ್ಕೊಂದು ಸ್ಪೀಕರು ಸಾಕು. ಭಾನುವಾರಗಳಂದು ಮಗುವನ್ನು ನಮ್ಮ ಮನೆಗೆ ಕರೆದುಕೊಂಡು ಬಾ. ತಂಬೂರಿಯ ಗವುಸು ತೆಗೆದೇ ಇಟ್ಟಿದ್ದೇವೆ.